ಹಂಗಾಮು ಮುಗಿದ ಮೇಲೆ

ನಮ್ಮಪ್ಪ ಸಾಂಗಲಿ ಹತ್ತಿರದ ಒಂದು ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಕಾರಕೂನರಾಗಿದ್ದರು. ಅಲ್ಲಿ ಒಳ್ಳೆಯದೆಲ್ಲ ಕಡೆಗೆ ಬರುತ್ತಿತ್ತು: ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಬೋನಸ್, ದೀಪಾವಳಿಗೆ ಸದಸ್ಯರಿಗೆ ಅಗ್ಗದ ಸಕ್ಕರೆ. ಅದೇ ಕಾಯಿದೆಯನ್ನು ಮನೆಗೂ ತಂದು ನನ್ನ ತಲೆಯ ಮೇಲೆ ಹೇರಿದರು. ವರ್ಷವಿಡೀ ನೆಟ್ಟಗಿದ್ದರೆ ಏಪ್ರಿಲ್ಲಿನಲ್ಲಿ ಸೈಕಲ್ಲು. ನನಗೆ ಸಂಜೆಯೇ ಕಾಣುತ್ತಿರಲಿಲ್ಲ, ಏಪ್ರಿಲ್ ಎಲ್ಲಿಂದ ಕಾಣಬೇಕು?

ಸೈಕಲ್ಲಿನ ಆಸೆ ಇರಲಿಲ್ಲ ಅಂತಲ್ಲ. ಅವರು ಹೇಳಿದ ಗಳಿಗೆಯಲ್ಲಿ ಮೈಯೆಲ್ಲ ಕುಣಿಯುತ್ತಿತ್ತು. ಪುಸ್ತಕ ತೆರೆಯುವಷ್ಟರಲ್ಲಿ ಅದು ಯಾರದೋ ಸೈಕಲ್ಲಾಗಿರುತ್ತಿತ್ತು. ಲೆಕ್ಕ ಅರ್ಧಕ್ಕೆ ಬಿಡುತ್ತಿದ್ದೆ, ಕಂಪಾಸಪೆಟ್ಟಿಗೆ ಕಳೆಯುತ್ತಿದ್ದೆ. ಪ್ರತಿ ತಪ್ಪಿಗೂ ನನಗೆ ಸೇರುವ ಒಂದೊಂದನ್ನು ಕಿತ್ತುಕೊಂಡರು. ಕಡೆಗೆ ಹರಿಪುರದ ಹೊಳೆ ಉಳಿದಿತ್ತು. ಅಲ್ಲಿ ನಮ್ಮ ಚಿಕ್ಕಮ್ಮ, ಕಾಕು, ನನ್ನ ಬೆನ್ನಿಗೆ ಸೋರೆಬುರುಡೆ ಕಟ್ಟಿ ಈಜು ಕಲಿಸುತ್ತಿದ್ದರು. ಕೈ ತಪ್ಪಾಗಿ ಬೀಸಿದರೆ ಆಗಲೇ ಮೂಗಿಗೆ ನೀರು, ಸರಿಯಾಗಿ ಬೀಸಿದರೆ ಆಗಲೇ ಒಂದು ಮಾರು ಮುಂದೆ. ನನ್ನ ತಲೆ ನೆಟ್ಟಗೆ ಓಡುತ್ತಿದ್ದ ಜಾಗ ಅದೊಂದೇ. ಅದನ್ನೂ ಅಪ್ಪ ಬಂದ್ ಮಾಡಿದರು. ವಾರಗಟ್ಟಲೆ ಅತ್ತೆ, ಊಟ ಬಿಟ್ಟೆ. ಲೆಕ್ಕ ಮಾತ್ರ ಬರಲಿಲ್ಲ.

"ಏನ್ ಕಸಕೊಂಡ್ರೂ ಬುದ್ಧಿ ಬರವಲ್ದು. ಎಮ್ಮಿ ತೊಗಲು ಇದರದು" ಎಂದರು. ತೊಗಲು ಸುಲಿದವರೇ ಹಾಗೆ ಹೇಳಿದರು.

ನನ್ನ ಮಗಳೂ ನನ್ನ ಹಾಗೇ. ಶಾಲೆಯಲ್ಲಿ ಒಂದು ಕಡೆ ಕೂರದವಳು, ಝಣಝಣ ಎನ್ನುವ ಕುಣಿತದ ಲೇಝೀಮ್ ಕೈಗೆ ಬಂದರೆ ಒಂದು ಹೆಜ್ಜೆಯೂ ತಪ್ಪುತ್ತಿರಲಿಲ್ಲ. ಮಿರಜದ ಡಾಕ್ಟರರು ಅವಳನ್ನು ಪರೀಕ್ಷಿಸಿ ಎಡಿಎಚ್‌ಡಿ, ಗಮನ ಒಂದೆಡೆ ನಿಲ್ಲದ ತೊಂದರೆ ಎಂದರು.

"ದೂರದ ಬಹುಮಾನ ಈ ಮೆದುಳನ್ನ ಎಬ್ಬಿಸೂದಿಲ್ರಿ. ಆಗಿಂದಾಗ ಸಿಕ್ಕದ್ದು ಎಬ್ಬಿಸ್ತದ. ಕಸಕೊಂಡ್ರ ನೋವು ಭಾಳ ಆಗ್ತದ, ಆದ್ರ ಆ ನೋವಿನಿಂದ ರೂಢಿ ಬದಲಾಗೂದು ಕಡಿಮಿ."

ಬಸ್ಸಿನಲ್ಲಿ ಮರಳುವಾಗ ನನಗೆ ಸಮಾಧಾನವಾಗಬೇಕಿತ್ತು. ಹಲ್ಲು ಕಚ್ಚಿಕೊಂಡು ಕೂತಿದ್ದೆ. ಇಷ್ಟು ಸಣ್ಣ ಮಾತು ಹೇಳಲು ಅಂದು ಯಾರೂ ಇರಲಿಲ್ಲವೇ, ಇದ್ದರೂ ಅಪ್ಪ ಕೇಳುತ್ತಿದ್ದರೇ ಎಂದು ಮತ್ತೆ ಮತ್ತೆ ಕೇಳಿಕೊಂಡೆ. ನನ್ನ ಬಾಲ್ಯ ಹೋಯಿತು, ಇವಳದಾದರೂ ಉಳಿಯಬೇಕು ಅಂದುಕೊಂಡೆ.

ಅಪ್ಪ ನಿವೃತ್ತರಾಗಿ ಸಾಂಗಲಿಯ ವಿಶ್ರಾಮಬಾಗದಲ್ಲಿ ನಮ್ಮೊಂದಿಗೇ ಇದ್ದರು. ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಗೋಣು ಹಾಕುತ್ತ ಕೇಳಿದರು. ಕೇಳಿ ಮುಗಿಸಿ ಮೊಮ್ಮಗಳನ್ನು ಹತ್ತಿರ ಕರೆದು ಗಲ್ಲ ಸವರಿದರು.

"ನಿನಗ ಎಲ್ಲಾದಕ್ಕಿಂತ ಭಾಳ ಸೇರೂದು ಯಾವುದವ್ವಾ? ಹೇಳು, ಪರೀಕ್ಷಾ ಮುಗಿಯೂತನಕ ಅದನ್ನ ನಾ ಎತ್ತಿ ಇಡ್ತೀನಿ."

ನಾನು ಬಾಯಿ ತೆರೆಯುವ ಮೊದಲೇ ಅವಳು ಉತ್ತರ ಕೊಟ್ಟಳು. ಬೆನ್ನ ಹಿಂದೆ ಬಿದ್ದಿದ್ದ ಲೇಝೀಮನ್ನು ಸಪ್ಪಳವಾಗದಂತೆ ಹಿಮ್ಮಡಿಯಿಂದ ಮಂಚದ ಕೆಳಗೆ ಸರಿಸುತ್ತ, "ಯಾವುದೂ ಇಲ್ಲ ಅಜ್ಜಾ" ಎಂದಳು.

ಅಪ್ಪ ನನ್ನ ಕಡೆ ತಿರುಗಿದರು. "ನೋಡು, ಇದಕ್ಕ ಯಾತರಾಗೂ ಮನಸಿಲ್ಲ."