ನೀರು ತಡೆದ ನಲವತ್ತು ದಿನ

ಏಪ್ರಿಲ್ ಹದಿನೆಂಟು, ಬೆಳಿಗ್ಗೆ ಆರೂಕಾಲು. ನಾಶಿಕ್ ಜಿಲ್ಲೆಯ ಪಿಂಪಳಗಾಂವ್ ಬಸವಂತ್ ಹತ್ತಿರದ ಒಂದು ದಾಳಿಂಬೆ ತೋಟದಲ್ಲಿ ಮಾಲೀಕರು ಹನಿ ನೀರಾವರಿಯ ವಾಲ್ವ್ ಮುಚ್ಚಿದರು. ಛತ್ರಪತಿ ಸಂಭಾಜಿನಗರದಲ್ಲಿ ಕೃಷಿ ಓದುವ ನಾನು ರಜೆಯ ಪ್ರಾಜೆಕ್ಟ್‌ಗೆಂದು ಅಲ್ಲಿದ್ದೆ. ನಲವತ್ತು ದಿನ ನೀರು ತಡೆದರೆ ಗಿಡ ಎಲೆ ಉದುರಿಸುತ್ತದೆ, ಮತ್ತೆ ನೀರು ಕೊಟ್ಟಾಗ ಎಲ್ಲವೂ ಒಟ್ಟಿಗೆ ಹೂ ಬಿಡುತ್ತವೆ. ಹತ್ತು ಗಿಡಗಳ ಒಂದು ಸಾಲು ಆರಿಸಿ, ಪ್ರತಿ ಗಿಡದ ಬುಡದಲ್ಲಿ ಒಂದು ಚೌಕ ಗೆರೆ ಎಳೆದೆ. ಅದರೊಳಗೆ ಬಿದ್ದ ಎಲೆಗಳನ್ನು ದಿನವೂ ಎಣಿಸುವುದು ನನ್ನ ಕೆಲಸ.

ನೀರು ತಡೆಯುವುದಕ್ಕೆ ನಮ್ಮ ಪಠ್ಯದಲ್ಲಿದ್ದ ಮಾತು ‘ಹೋಲ್ಡ್ ಬ್ಯಾಕ್’. ಹೊತ್ತು ಹೋಗದಾಗ ಫೋನಿನ ನಿಘಂಟಿನಲ್ಲಿ ಅದನ್ನು ಹುಡುಕಿದೆ. ಅಳು ತಡೆದುಕೊಳ್ಳುವುದಕ್ಕೂ ಅದೇ, ಗೊತ್ತಿದ್ದದ್ದನ್ನು ಹೇಳದಿರುವುದಕ್ಕೂ ಅದೇ, ಮುಂದೆ ಬರಲು ಹಿಂಜರಿಯುವುದಕ್ಕೂ ಅದೇ. ನಾವಾದರೆ ಅಳು ನುಂಗುತ್ತೇವೆ, ಸುದ್ದಿ ಮುಚ್ಚಿಡುತ್ತೇವೆ, ತಡವಾಗಿ ಬರುವವರ ಪಾಲಿನ ರೊಟ್ಟಿ ಎತ್ತಿಡುತ್ತೇವೆ. ಇಂಥವು ಎಷ್ಟು ಸಿಗುತ್ತವೆ ನೋಡೋಣವೆಂದು ಡೈರಿಯ ಕೊನೆಯ ಪುಟದಲ್ಲಿ ಬರೆಯತೊಡಗಿದೆ. ಮೊದಲ ವಾರದ ಲೆಕ್ಕ ಏಳು.

ತೋಟ ನೋಡಿಕೊಳ್ಳುತ್ತಿದ್ದವರು ವಿಜಯಪುರದ ಕಡೆಯ ಗಂಡಹೆಂಡತಿ. ನಾಶಿಕ್‌ನಲ್ಲಿ ಕಟ್ಟಡದ ಕೆಲಸ ಬಿಟ್ಟು ಬಂದಿದ್ದರು. ಇದು ಅವರ ಮೊದಲ ಹಂಗಾಮು. ಹೂ ಒಂದೇ ಸಮ ಬರದಿದ್ದರೆ ಬೇರೆಯವರನ್ನು ಇಡುತ್ತೇನೆಂದು ಮಾಲೀಕರು ಮೊದಲೇ ಹೇಳಿದ್ದರು. ಕೆಲಸ ಹೋದರೆ ತೋಟದಲ್ಲಿದ್ದ ಮನೆಯೂ ಹೋಗುತ್ತಿತ್ತು.

ಎಲೆ ಎಣಿಸುತ್ತ ಕುಳಿತ ನನ್ನ ಹತ್ತಿರ ಆಕೆ ಬಂದು ನಿಲ್ಲುತ್ತಿದ್ದಳು. “ಹಿಂಗ ಒಣಗಿಸಿ ಹೂ ಬಿಡಸೂ ಶಾಣ್ಯಾತನ ಯಾವ ಬುಕ್ಕಿನ್ಯಾಗ ಐತಿ ತಂಗಿ?”

“ಸಾಯಂಗಿಲ್ಲ ಅಕ್ಕಾ, ಬೇರಿನ್ಯಾಗ ಜೀವ ಇರ್ತೈತಿ.”

“ನೀನೂ ಒಂದ ತಿಂಗಳ ನೀರ ಬಿಟ್ಟ ಕುಂಡ್ರು. ನಿನಗೆಷ್ಟ ಹೂ ಬರ್ತಾವ ನಾ ಎಣಸ್ತೀನಿ.”

ಆಕೆಯ ಗಂಡ ಸಲಿಕೆ ಊರಿ ನಿಂತು ನಕ್ಕಿದ್ದ.

ಮೇ ಹತ್ತೊಂಬತ್ತು, ನೀರು ತಡೆದು ಮೂವತ್ತೊಂದು ದಿನ. ಒಂಬತ್ತು ಗಿಡಗಳು ಬಹುತೇಕ ಬೋಳಾಗಿದ್ದವು. ಅವರ ಬಾಗಿಲೆದುರಿನ ಹತ್ತನೆಯದು ಮಾತ್ರ ಇನ್ನೂ ಹಸಿರು, ಅದರ ಚೌಕದಲ್ಲಿ ಬಿದ್ದದ್ದು ಆರೇ ಎಲೆ. ಬುಡ ಕೆದಕಿದೆ, ಮಣ್ಣು ಹಸಿಯಾಗಿತ್ತು. ತಲೆ ಎತ್ತಿದಾಗ ಆಕೆ ನನ್ನನ್ನೇ ನೋಡುತ್ತಿದ್ದಳು.

“ಭಾಂಡೆ ತೊಳದ ನೀರ, ದಿನಾ ಒಂದ ಬಕೀಟ. ಬಾಗಲಾ ತೆಗದರ ಅದರ ಮಾರೀನ ಕಾಣತೈತಿ, ಏನ ಮಾಡ್ಲಿ? ಅದೇನ ನೀರಿನ ಲೆಕ್ಕಕ್ಕ ಬರ್ತೈತೇನ? ನಿನ್ನ ವಹಿದಾಗ ಬರೀಬ್ಯಾಡ, ತಂಗಿ.”

ಎಲೆಗಳ ಸಂಖ್ಯೆ ಬರೆದೆ. ಪಕ್ಕದಲ್ಲಿ ಕಾರಣ ಬರೆಯುವ ಜಾಗ ಖಾಲಿ ಬಿಟ್ಟೆ.

ಮೇ ಇಪ್ಪತ್ತೆಂಟಕ್ಕೆ ನೀರು ಬಿಟ್ಟರು. ಕಾಲೇಜಿಗೆ ಹಿಂತಿರುಗಿದ್ದ ನಾನು ಜುಲೈ ಎರಡರಂದು ಸಂಭಾಜಿನಗರದಿಂದ ಬಸ್ಸಿನಲ್ಲಿ ಬಂದು ಹೂ ಎಣಿಸಿದೆ. ಒಂಬತ್ತು ಗಿಡಗಳಲ್ಲಿ ಐವತ್ತಕ್ಕೆ ಕಡಿಮೆ ಯಾವುದೂ ಇಲ್ಲ. ಹತ್ತನೆಯದರಲ್ಲಿ ತುಂಬ ಎಲೆ, ನಾಲ್ಕು ಹೂ. ಮಾಲೀಕರು ನನ್ನ ಲೆಕ್ಕದ ವಹಿ ನೋಡಿ, “ಹ್ಯಾಲಾ ಕಾಯ ಝಾಲಂ?” ಇದಕ್ಕೇನಾಯಿತೆಂದು ಆ ಗಿಡ ತೋರಿಸಿ ಕೇಳಿದರು.

ಗಂಡ ನೆಲ ನೋಡಿದ. ಆಕೆಯೇ ಮುಂದೆ ಬಂದು, ತನಗೆ ಬರುವಷ್ಟು ಮರಾಠಿಯಲ್ಲಿ, “ಮೀ ಪಾಣೀ ಘಾತಲಂ, ದಾದಾ,” ಎಂದಳು. ನೀರು ಹಾಕಿದ್ದು ತಾನೇ ಎಂದು. ಆಮೇಲೆ ನನ್ನ ಕಡೆ ತಿರುಗಿದಳು: “ನೋಡ್ಕೋತ ಕುಂಡ್ರಾಕ ಆಗಲಿಲ್ಲಂತ ಹೇಳ ಅವರಿಗೆ.”

ಹೇಳಿದೆ. ಅವರು ಸಾಲಿನ ಕೊನೆಯವರೆಗೆ ಹೋಗಿ, ಒಂದೊಂದೇ ಗಿಡ ನೋಡಿಕೊಂಡು ವಾಪಸು ಬಂದರು. ಬಾಗಿಲ ಮುಂದಿನ ಪಾತ್ರೆ ತೊಳೆಯುವ ಕಲ್ಲನ್ನು ಮುಂದಿನ ಹಂಗಾಮಿನೊಳಗೆ ಮನೆಯ ಹಿಂದಕ್ಕೆ ಹಾಕಿಕೊಳ್ಳಿ ಎಂದರು, ಅಷ್ಟೇ. ಮುಂದಿನ ಹಂಗಾಮು ಎಂದರೆ ಕೆಲಸ ಉಳಿಯಿತು ಎಂಬುದು ಗಂಡನಿಗೆ ಮೊದಲು ಹೊಳೆಯಿತು. ಆಗಲೇ ಹೋಗಿ ಆ ಕಲ್ಲಿಗೆ ಹಾರೆ ಹಾಕಿದ.

“ನಿಲ್ಲರಿ, ಮ್ಯಾಲ ಇನ್ನೂ ಭಾಂಡೆ ಅದಾವ!” ಎಂದು ಆಕೆ ಓಡಿದಳು.

ಬಾಯಾರಿದ ಗಿಡಕ್ಕೆ ಹೂ ಬಿಡುವ ಹೊತ್ತು ಹೇಗೆ ತಿಳಿಯುತ್ತದೆ ಎಂಬುದು ನನಗಿನ್ನೂ ಅರ್ಥವಾಗಿಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ದಾಳಿಂಬೆ ಬೆಳೆಗಾರರು ಹೀಗೆ ನೀರು ತಡೆಯುವುದಕ್ಕೆ ಏನೆನ್ನುತ್ತಾರೆ, ಯಾವ ಮಣ್ಣಿಗೆ ಎಷ್ಟು ದಿನ ತಡೆಯುತ್ತಾರೆ? ಬಲ್ಲವರು ಊರಿನ ಹೆಸರಿನೊಂದಿಗೆ ಬರೆದು ತಿಳಿಸಬೇಕು.