ಸೊಪ್ಪಿನ ಹೊಲ ಮತ್ತು ಅರ್ಧ ನಿಂಬೆಹಣ್ಣು

ಚಿತ್ರಾನ್ನಕ್ಕೆ ಬೆಳಿಗ್ಗೆಯೇ ನಿಂಬೆರಸ ಹಿಂಡಿಡುವವರನ್ನು ಕಂಡರೆ ನನಗಾಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ಕಹಿಯಾಗಿ ಯಾರಿಗೂ ಬೇಡವಾಗಿರುತ್ತದೆ. ಹಾಗಾಗಿ ಐರ್ಲೆಂಡಿನ ಟಾಲಾದ ನಮ್ಮ ಮನೆಯಿಂದ ಹೊರಡುವಾಗ ನನ್ನ ಡಬ್ಬಿಯ ಜೊತೆ ಅರ್ಧ ನಿಂಬೆಹಣ್ಣು ಬೇರೆಯೇ ಇರುತ್ತದೆ. "ಕೆಲಸಕ್ಕೆ ಹೋಗ್ತಿದೀಯೋ, ಪೂಜೆಗೆ ಹೋಗ್ತಿದೀಯೋ?" ಎಂದು ಲೆಪರ್ಡ್ಸ್‌ಟೌನ್‌ನ ಸಾಫ್ಟ್‌ವೇರ್ ಆಫೀಸಿಗೆ ಹೊರಡುವ ನನ್ನ ಗಂಡ ದಿನಾ ರೇಗಿಸುತ್ತಾನೆ. ರೇಗಿಸಲಿ. ಆ ಅರ್ಧ ಹಣ್ಣು ಒಂದು ಹೊಲವನ್ನೇ ಉಳಿಸಿದೆ, ಅವನ ಲ್ಯಾಪ್‌ಟಾಪ್ ಇನ್ನೂ ಉಳಿಸಿಲ್ಲ.

ನನ್ನ ಕೆಲಸ ಮಣ್ಣಿನದು. ಗಾಳಿಯಲ್ಲಿದ್ದು ಭೂಮಿಯನ್ನು ಕಾಯಿಸುವ ಇಂಗಾಲ ಗಿಡದ ಬೇರಿನ ಮೂಲಕ ಮಣ್ಣಿಗಿಳಿದು ಅಲ್ಲೇ ಕೂತರೆ ಮಣ್ಣಿಗೂ ಒಳ್ಳೆಯದು, ಎಲ್ಲರಿಗೂ ಒಳ್ಳೆಯದು; ನೇಗಿಲು ಹೊಡೆದರೆ ಅದು ಮತ್ತೆ ಗಾಳಿಗೆ ಸೇರುತ್ತದೆ. ಎಷ್ಟು ಕೂತಿದೆ ಎಂದು ಅಳೆಯುವ ಸಂಶೋಧನೆ ನಮ್ಮದು. ಹೊಲಕ್ಕೆ ಕೊಳವೆ ಇಳಿಸಿ ಮಣ್ಣು ತೆಗೆಯುತ್ತೇವೆ, ಒಣಗಿಸಿ ಜರಡಿ ಹಿಡಿಯುತ್ತೇವೆ, ಯಂತ್ರದಲ್ಲಿ ಸುಟ್ಟು ಅಳೆಯುತ್ತೇವೆ. ಉಳಿದ ಮಣ್ಣನ್ನು ಗಾಜಿನ ಭರಣಿಯಲ್ಲಿ ಹಾಕಿ ಕಪಾಟಿನಲ್ಲಿಡುತ್ತೇವೆ.

ವಿಕ್ಲೋ ಬೆಟ್ಟಗಳ ಬುಡದಲ್ಲಿ ಎಪ್ಪತ್ತರ ಹತ್ತಿರದ ಒಬ್ಬ ರೈತ ಮಹಿಳೆಯ ಹೊಲ ನಮ್ಮ ಪಟ್ಟಿಯಲ್ಲಿತ್ತು. ಐದು ವರ್ಷದ ಹಿಂದೆ ಆ ಮಣ್ಣನ್ನು ಒಮ್ಮೆ ಅಳೆದಿದ್ದೆವು. ಆಗಷ್ಟೇ ಆಕೆ ಉಳುಮೆ ನಿಲ್ಲಿಸಿ, ಹುಲ್ಲಿನ ಜೊತೆ ಕ್ಲೋವರ್, ಚಿಕೋರಿ, ಇನ್ನೂ ಏನೇನೋ ಸೊಪ್ಪಿನ ಗಿಡ ಬಿತ್ತಿದ್ದರು. ಪಕ್ಕದ ಜಮೀನಿನವನು ಮೂಗು ಮುರಿದು ಅದಕ್ಕೆ 'ಸೊಪ್ಪಿನ ಹೊಲ' ಎಂದು ಹೆಸರಿಟ್ಟಿದ್ದ. ಊರಿನವರ ಹೊಲಗಳನ್ನು ಬಾಡಿಗೆಗೆ ಉಳುವವನೂ ಅವನೇ. ಈ ಸಲ ಮತ್ತೆ ಮಣ್ಣು ತೆಗೆಯುವ ಮೊದಲೇ ಆಕೆ ನಮಗೆ ಹೇಳಿದ್ದರು: "ಮಣ್ಣು ಸುಧಾರಿಸಿಲ್ಲ ಅಂತ ನಿಮ್ಮ ನಂಬರ್ ಹೇಳಿದ್ರೆ ಈ ವಸಂತದಲ್ಲೇ ಅವನ ನೇಗಿಲು ಹೊಲಕ್ಕಿಳಿಸ್ತೀನಿ. ನನಗೆ ಇನ್ನು ಕಾಯೋ ವಯಸ್ಸಿಲ್ಲ."

ಹೊಸ ನಂಬರ್ ಬಂತು. ಐದು ವರ್ಷದ ಹಿಂದಿನದಕ್ಕಿಂತ ಕಡಿಮೆ!

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಆ ಮಣ್ಣನ್ನು ನಾನು ಕೈಯಲ್ಲಿ ಹಿಡಿದು ಮುರಿದಿದ್ದೇನೆ. ಕಪ್ಪಗೆ, ಸಡಿಲವಾಗಿ, ಎರೆಹುಳುಗಳಿಂದ ತುಂಬಿತ್ತು. ಆದರೂ ಸುದ್ದಿ ಹೇಳಬೇಕಲ್ಲ, ಹೋದೆ. ಆಕೆ ಕೇಳಿಸಿಕೊಂಡು, "ಗ್ರ್ಯಾಂಡ್" ಎಂದರು. ಐರಿಷ್ ಜನ ಸಂತೋಷಕ್ಕೂ ಅದನ್ನೇ ಹೇಳುತ್ತಾರೆ, ಎದೆ ಒಡೆದಾಗಲೂ ಅದನ್ನೇ ಹೇಳುತ್ತಾರೆ. ಆಮೇಲೆ ಫೋನು ತೆಗೆದು ಪಕ್ಕದವನಿಗೆ ಸೋಮವಾರ ನೇಗಿಲು ತರಲು ಹೇಳಿದರು.

ಹೊರಗೆ ಜಿಟಿಜಿಟಿ ಮಳೆ. ಇಬ್ಬರೂ ಶೆಡ್ಡಿನ ಬಾಗಿಲಲ್ಲಿ ಕೂತೆವು. ಡಬ್ಬಿ ತೆರೆದು ನಿಂಬೆ ಹಿಂಡಿದೆ. ಕಣ್ಣು ಹೊಲದ ಮೇಲಿತ್ತು, ಅರ್ಧ ರಸ ನೆಲಕ್ಕೆ ಬಿತ್ತು. ಅಲ್ಲಿ ಬಾಗಿಲ ಸಂದಿಯಲ್ಲಿ ಬಿಳಿ ಪುಡಿ ಕೂತಿತ್ತು. ಅದು ಬುಸ್ಸೆಂದು ನೊರೆಯಾಯಿತು.

"ಇದೇನು?" ಎಂದೆ.

"ಸುಣ್ಣದಕಲ್ಲಿನ ಪುಡಿ. ಮಣ್ಣಿನ ಹುಳಿ ಕಳೀಲಿ ಅಂತ ಹೊಲಕ್ಕೆ ಚೆಲ್ಲಿದ್ದು. ನೀವು ಮೊದಲ ಸಲ ಬರೋಕೆ ಒಂದು ತಿಂಗಳು ಮುಂಚೆ."

ಡಬ್ಬಿ ಬದಿಗಿಟ್ಟು ಆ ಪುಡಿಯ ಮೇಲೆ ಇನ್ನೆರಡು ಹನಿ ಹಿಂಡಿ ನೋಡಿದೆ. ಸುಣ್ಣದಕಲ್ಲಿನಲ್ಲೂ ಇಂಗಾಲ ಇರುತ್ತದೆ. ಆದರೆ ಅದು ಬೇರು ತಂದದ್ದಲ್ಲ, ಕಲ್ಲಿನದು. ಯಂತ್ರಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ, ಎರಡನ್ನೂ ಸುಟ್ಟು ಒಟ್ಟಿಗೆ ಎಣಿಸುತ್ತದೆ. ಅದಕ್ಕೇ ಮೊದಲು ಮಣ್ಣಿಗೆ ಆಮ್ಲ ಹಾಕಿ ಕಲ್ಲಿನ ಇಂಗಾಲವನ್ನು ನೊರೆಯಾಗಿ ಹಾರಿಸಬೇಕು. ಐದು ವರ್ಷದ ಹಿಂದೆ ಆ ಕೆಲಸ ಬಿಟ್ಟವಳು ನಾನೇ. ನೆಲದಡಿಯ ಕಲ್ಲು ತೋರಿಸುವ ಭೂಪಟ ನೋಡಿದ್ದೆ. ಆ ಕಡೆಯೆಲ್ಲ ಸ್ಲೇಟ್ ಕಲ್ಲು, ಸುಣ್ಣದಕಲ್ಲು ಇಲ್ಲವೇ ಇಲ್ಲ ಎಂದಿತ್ತು. ಭೂಪಟ ನೋಡಿದ ಜಾಣೆ ಶೆಡ್ಡಿನೊಳಗೆ ಇಣುಕಿರಲಿಲ್ಲ. ಆಗಿನ ನಂಬರಿನಲ್ಲಿ ಸುಣ್ಣವೂ ಸೇರಿ ಹೊಲ ಸುಳ್ಳೇ ಶ್ರೀಮಂತವಾಗಿತ್ತು. ಆಮೇಲೆ ಆ ಸುಣ್ಣವೆಲ್ಲ ಮಳೆಗೆ ಕರಗಿಹೋಗಿತ್ತು.

"ಸೋಮವಾರ ಬೇಡ ಅನ್ನಿ. ಒಂದು ವಾರ ಕೊಡಿ," ಎಂದೆ. ಆಕೆ ನನ್ನ ಮುಖವನ್ನೇ ನೋಡಿ, ಕೊಟ್ಟರು.

ಮನೆಯಲ್ಲಿ ಗಂಡ, "ನಿನ್ನ ಕಾಂಟ್ರ್ಯಾಕ್ಟ್ ರಿನ್ಯೂ ಆಗೋ ಟೈಮಲ್ಲಿ ತಪ್ಪು ನಂದೇ ಅಂತ ಯಾಕೆ ಹೇಳ್ಕೋತೀಯ?" ಎಂದ. "ನಂದೇ ಆಗಿರೋದ್ರಿಂದ," ಎಂದು ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿದೆ. ಮರುದಿನ ನಮ್ಮ ಮುಖ್ಯಸ್ಥರಿಗೆ ಎಲ್ಲ ಹೇಳಿದೆ. "ಭರಣಿಗಳು ಇವೆಯಲ್ಲ. ಮತ್ತೆ ಅಳೆದು ತಪ್ಪನ್ನೂ ಸೇರಿಸಿ ಬರಿ," ಎಂದರು.

ಹಳೆಯ ಭರಣಿಗಳನ್ನೆಲ್ಲ ಕೆಳಗಿಳಿಸಿ, ಆಮ್ಲ ಹಾಕಿ, ಒಂದೊಂದನ್ನೂ ಮತ್ತೆ ಅಳೆದೆ. ಹಳೆಯ ನಂಬರ್ ಕುಸಿಯಿತು. ಹೊಸದು ಅದರ ಮೇಲೆ ಎದ್ದು ನಿಂತಿತು. ನಂಬಿಕೆಯಾಗದೆ ಪೂರ್ತಿ ಇನ್ನೊಮ್ಮೆ ಅಳೆದೆ. ಅದೇ ಉತ್ತರ. ಆ ಮಣ್ಣು ಇಂಗಾಲ ಕೂಡಿಸಿಕೊಂಡಿತ್ತು! ಪ್ರಯೋಗಾಲಯದ ಕಾರಿಡಾರಿನಲ್ಲಿ ಯಾರೂ ಇಲ್ಲದ್ದು ನೋಡಿ ಒಂದು ಸುತ್ತು ಕುಣಿದೆ, ನಿಜವಾಗಿ.

ಆ ವಾರದ ಕೊನೆಗೆ ಆಕೆಯ ಅಂಗಳದಲ್ಲಿ ಸುತ್ತಲಿನ ರೈತರು ಸೇರಿದ್ದರು. ಕರೆದವರು ಆಕೆಯೇ. ಪಕ್ಕದವನು ಹಿಂದೆ ಕೈಕಟ್ಟಿ ನಿಂತಿದ್ದ. ನನ್ನ ತಪ್ಪನ್ನು ಎಲ್ಲರೆದುರು ಹೇಳಿದೆ. ಕಿವಿ ಬಿಸಿಯಾದವು, ಹೇಳಿದೆ. ಸರಿಮಾಡಿದ ಲೆಕ್ಕದಲ್ಲಿ ಮಣ್ಣು ಸುಧಾರಿಸಿದೆ ಎಂದೂ ಹೇಳಿದೆ. ಆಮೇಲೆ ಹಳೆಯ ಭರಣಿಯ ಮಣ್ಣಿಗೆ ನಿಂಬೆ ಹಿಂಡಿದೆ. ಆಕೆ ಭರಣಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಸೀದಾ ಪಕ್ಕದವನ ಕಿವಿಗೆ ಹಿಡಿದರು.

"ಕೇಳಿಸ್ತಾ? ಅದು ಸುಣ್ಣ. ಈಗ ಇದು ಕೇಳು," ಎಂದು ಈ ವರ್ಷದ ಮಣ್ಣಿಗೆ ತಾವೇ ನಿಂಬೆ ಹಿಂಡಿ ಹಿಡಿದರು. ಏನೂ ಸದ್ದಿಲ್ಲ. "ಇದರಲ್ಲಿರೋದು ಪೂರ್ತಿ ನನ್ನ ಸೊಪ್ಪು ಮಾಡಿದ್ದು."

ಅವನು ಭರಣಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಮೂಸಿಯೂ ನೋಡಿದ. ಎಲ್ಲರೂ ಅವನು ಏನಾದರೂ ಕುಹಕ ಆಡುತ್ತಾನೆಂದು ಕಾಯುತ್ತಿದ್ದರು.

"ಹಾಗಾದ್ರೆ ನೇಗಿಲು ಬೇಡ?" ಎಂದ.

"ಬೇಡ."

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡು, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಆ ಸೊಪ್ಪಿನ ಬೀಜ ಎಲ್ಲಿ ಸಿಗುತ್ತೆ?"