ದರ್ಜಿಯ ಬೆರಳು, ಗಂಡನ ಆಮೆ

ಆ ಬೀದಿಯ ಕೋಟಿನ ಅಂಗಡಿಗಳಿಗೆಲ್ಲ ಕಾಜಾ ಹೊಲಿದುಕೊಡುತ್ತಿದ್ದವಳು ಅವಳೊಬ್ಬಳೇ. ಗುಂಡಿ ತೂರುವ ಸೀಳಿನ ಸುತ್ತ ಅವಳ ಕೈ ಹಾಕುವ ಹೊಲಿಗೆಗೆ ಯಂತ್ರವೂ ಸಾಟಿಯಲ್ಲ ಎನ್ನುತ್ತಿದ್ದರು. ಗಂಡ ಬಸ್ ಡ್ರೈವರ್. ಒಂದು ಬೆಳಿಗ್ಗೆ ಬೂಟಿನ ಲೇಸು ಕಟ್ಟಲು ಬಗ್ಗಿದವನು ಹಾಗೇ ಕುಸಿದ. ಆಸ್ಪತ್ರೆಯಿಂದ ಬಂದಾಗ ಬಲಗೈ, ಬಲಗಾಲು ಕೊರಡಾಗಿದ್ದವು. ಬಸ್ಸಿನ ಹಿಂದಿನ ಸೀಟಿಗೂ ಕೇಳುವಂತೆ ಮಾತಾಡುತ್ತಿದ್ದ ಬಾಯಿಗೆ ಬೀಗ ಬಿದ್ದಿತ್ತು.

ಅವನ ಜೊತೆಗೆ ಅವನು ಸಾಕಿದ್ದ ಆಮೆಯೂ ಅವಳ ಕೊರಳಿಗೆ ಬಿತ್ತು. ಅಂಗೈಯಗಲದ ಪ್ರಾಣಿ. ಗಾಜಿನ ತೊಟ್ಟಿಯಲ್ಲಿ ಕಲ್ಲೇರಿ ಕತ್ತೆತ್ತಿ ಕೂರುವ ಗತ್ತು ನೋಡಿ ಅವನಿಟ್ಟ ಹೆಸರು ‘ಸಾಹೇಬ್ರು’. ಅವನು ಮುಟ್ಟಿದರೆ ಸುಮ್ಮನಿರುವ ಸಾಹೇಬರು ಅವಳ ನೆರಳು ಕಂಡರೆ ಬಾಯಿ ತೆರೆಯುತ್ತಿದ್ದರು.

“ಗಂಡನ್ನ ನೋಡ್ಲಾ, ಹೊಟ್ಟೆಪಾಡು ನೋಡ್ಲಾ, ಈ ಸಾಹೇಬ್ರ ಸೇವೆ ಮಾಡ್ಲಾ?” ಎಂದು ಗೊಣಗುತ್ತ ನೆನಪಾದಾಗ ಒಣ ಸೀಗಡಿ ಎಸೆಯುತ್ತಿದ್ದಳು. ನೀರು ಹಸಿರುಗಟ್ಟಿತು.

ಒಂದು ಮಧ್ಯಾಹ್ನ ನೀರು ಬದಲಿಸೋಣವೆಂದು, ಸೀಗಡಿ ಮುರಿದ ಕೈಯನ್ನೇ ಆಮೆಯನ್ನೆತ್ತಲು ಅದರ ಮೂತಿಯೆದುರು ಚಾಚಿದಳು. ಹಲ್ಲಿಲ್ಲದ ಬಾಯಿ, ಆದರೆ ಕತ್ತರಿಯಲಗಿನಂಥ ಅಂಚು. ಬಲಗೈ ತೋರುಬೆರಳನ್ನೇ ಕಚ್ಚಿ ಹಿಡಿಯಿತು. ಅವಳು ಕಿರುಚಿ ಕೈಯೆತ್ತಿದರೆ ಆಮೆಯೂ ನೇತಾಡುತ್ತ ಮೇಲೆ ಬಂತು.

“ಬಿಡು, ಬಿಡೋ ಶನಿ!”

ಎಳೆದಷ್ಟೂ ಪಟ್ಟು ಬಿಗಿಯಾಯಿತು. ಮಂಚದ ಮೇಲೆ ಗಂಡ ಅರ್ಧ ಎದ್ದಿದ್ದ. ಎಡಗೈ ಅವಳತ್ತಲೇ ಚಾಚಿತ್ತು. “ನೀ... ನೀ...” ಕಾಯಿಲೆಯಾದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. “ಹೌದ್ರೀ, ನಾನೇ! ತಪ್ಪೆಲ್ಲಾ ನಂದೇ! ಬಾಯಿ ಬಂದಿದ್ದೇ ನನ್ನ ಬೈಯೋಕಾ? ಇಷ್ಟು ದಿನ ಸುಮ್ನಿದ್ರಲ್ಲ, ಹಾಗೇ ಇರಿ!”

ಹೇಳಿ ಒಮ್ಮೆಲೇ ಜಗ್ಗಿದಳು. ಬೆರಳಿನ ಮಾಂಸ ಕಿತ್ತುಬಂತು.

ಗಾಯವನ್ನು ಸೋಪು ಹಾಕಿ ತೊಳೆದು ಹೊಲಿಗೆ ಹಾಕಿದ ಡಾಕ್ಟರಮ್ಮ ಕೇಳಿದರು, “ಎಳೆದ್ರಾ?”

“ಎಳೀದೆ ಇನ್ನೇನ್ ಮಾಡ್ಲಿ?”

“ಎಳೀಬಾರ್ದು. ನಮ್ಮನೇಲೂ ಒಂದಿದೆ. ಕೈ ಸಮೇತ ನೀರಿಗಿಳಿಸಿ ಅಲ್ಲಾಡದೆ ನಿಂತಿದ್ರೆ ತಾನೇ ಬಿಡ್ತಿತ್ತು. ಸೀಗಡಿ ವಾಸನೆ ಬಂದ್ರೆ ಬೆರಳನ್ನೂ ಊಟ ಅಂದ್ಕೊಳ್ಳುತ್ತೆ. ಇನ್ಮೇಲೆ ಚಿಮಟದಲ್ಲಿ ಕೊಡಿ. ಎತ್ತೋವಾಗ ಹಿಂದಿನಿಂದ, ಚಿಪ್ಪಿನ ಎರಡೂ ಪಕ್ಕ ಹಿಡೀರಿ.”

ಎಲ್ಲ ಕೇಳಿಸಿಕೊಂಡರೂ ಅವಳ ಮನಸ್ಸು ಒಂದೇ ಮಾತಿಗೆ ಸಿಕ್ಕಿಕೊಂಡಿತ್ತು. ನೀರು. ಅವನು ಬೈದಿರಲಿಲ್ಲ. ಅರ್ಧ ಮಾತಿನಲ್ಲಿ ದಾರಿ ತೋರಿಸಿದ್ದ.

ಮನೆಗೆ ಬಂದು ಮಂಚದ ಅಂಚಿಗೆ ಕೂತಳು. “ನೀರು ಅಂತ ಹೇಳಿದ್ರಾ?”

ಅವನು ಅವಳ ಬ್ಯಾಂಡೇಜನ್ನೇ ನೋಡಿದ. ಆಮೇಲೆ ಮುಖವನ್ನು ಗೋಡೆಗೆ ತಿರುಗಿಸಿದ.

ಅಂದಿನಿಂದ ಅವನು ತುಟಿ ಬಿಚ್ಚಲಿಲ್ಲ. ಮಾತು ಕಲಿಸಲು ಬರುವ ನರ್ಸ್ ಎಷ್ಟು ಪುಸಲಾಯಿಸಿದರೂ ಊಹೂಂ. ಊರಿಂದ ಬಂದ ಮಗಳು ಆಮೆಯ ತೊಟ್ಟಿಯತ್ತ ನೋಡಿ, “ಯಾರಿಗಾದ್ರೂ ಕೊಟ್ಬಿಡಮ್ಮ ಈ ಪೀಡೇನ” ಎಂದಳು. “ಅದೇನ್ ಮಾಡ್ತು ಪಾಪ, ಹಸಿದಿತ್ತು. ಕಚ್ಚಿದ್ದು ನಾನು ಕಣೆ” ಎಂದಳು ಇವಳು. ಮಗಳಿಗೆ ಅರ್ಥವಾಗಲಿಲ್ಲ.

ಬೆರಳು ಪೂರ್ತಿ ಮಡಚಲು ಬರಲೇ ಇಲ್ಲ. ಕಾಜಾ ಕೆಲಸ ಬೇರೆಯವರ ಪಾಲಾಯಿತು. ಅವಳು ಮೆಷಿನ್ನಿನಲ್ಲಿ ಪರದೆಗಳಿಗೆ ನೇರ ಹೊಲಿಗೆ ಹಾಕತೊಡಗಿದಳು. ತೊಟ್ಟಿಯ ನೀರನ್ನು ಮಾತ್ರ ತಪ್ಪದೆ ಬದಲಿಸುತ್ತಿದ್ದಳು.

ಒಂದು ಸಂಜೆ ಅರಿವಿಲ್ಲದೆ ಮತ್ತೆ ಎದುರಿನಿಂದ ಕೈಹಾಕಿದಳು. ಮಂಚ ಧಡ್ ಎಂದಿತು. “ಹಿಂ!” ಎಂದ ಅವನು, ಮುಖ ಕೆಂಪೇರಿಸಿಕೊಂಡು.

ಅವಳು ಕೈ ಹಿಂದೆಳೆದುಕೊಂಡಳು. “ಹಿಂದಿನಿಂದ ಅಲ್ವಾ?”

ಅವನು ತಲೆಯಾಡಿಸಿದ. ಇನ್ನೊಂದು ಮಾತು ಬರಬಹುದೆಂದು ಅವಳು ಕಾದಳು. ಬರಲಿಲ್ಲ. ಕತ್ತಲಾಗುತ್ತ ಬಂದಿತ್ತು; ಎದ್ದು ದೀಪ ಹಾಕಿದಳು.